ಉತ್ತರದ ಮೋಡ

ಅವಳಿಗೆ ನಲವತ್ತಾರು ತುಂಬಿದ್ದರೂ, ಹೆಸರಿನ ಮುಂದೆ ಡಾಕ್ಟರ್ ಸೇರಿ ಹದಿನೆಂಟು ವರ್ಷವಾಗಿದ್ದರೂ, ಅಣ್ಣನ ಪಾಲಿಗೆ ಅವಳು ಪುಟ್ಟಿಯೇ. ಮೀಟಿಂಗಿನ ನಡುವೆ ಅವಳು ಫೋನೆತ್ತಿ ಮೆಲ್ಲಗೆ "ಹೇಳಣ್ಣ" ಅಂದರೆ, ಆ ಕಡೆಯಿಂದ "ಪುಟ್ಟೀ, ಊಟ ಆಯ್ತಾ?" ಎಂಬ ಕೂಗು ಇಡೀ ಕೋಣೆಗೆ ಕೇಳಿಸುತ್ತಿತ್ತು. ಸೂರಿನ ಮೇಲೆ ಕುಳಿತು ಕೆಳಗಿದ್ದವರೊಂದಿಗೆ ಮಾತಾಡಿ ಮಾತಾಡಿ ಅವನಿಗೆ ಮೆಲುದನಿ ಅನ್ನುವುದೇ ಮರೆತುಹೋಗಿತ್ತು. ಹವಾಮಾನ ಸಂಸ್ಥೆಯವರು ಮೊದಮೊದಲು ಅವಳ ಬೆನ್ನ ಹಿಂದೆ ಪುಟ್ಟಿ ಮೇಡಂ ಅನ್ನುತ್ತಿದ್ದರು. ಎರಡು ವರ್ಷದಲ್ಲಿ ಅದು ಮುಖದ ಎದುರಿಗೇ ಬಂತು. ಅವಳು ಬೇಡವೆನ್ನಲಿಲ್ಲ.

ಅಣ್ಣ ಬಡಗಿ, ಅದರಲ್ಲೂ ಮನೆಗೆ ಸೂರು ಕಟ್ಟುವವನು. ಅಪ್ಪ ತೀರಿಕೊಂಡಾಗ ಅವನಿಗೆ ಹದಿನೇಳು, ಅವಳಿಗೆ ಎಂಟು. ಅವನು ಶಾಲೆಗೆ ಕೈಮುಗಿದು ಉಳಿ ಸುತ್ತಿಗೆ ಹಿಡಿದ, ಅವಳನ್ನು ಓದಿಸಿದ. ಓದಿಸಿದೆ ಅಂತ ಒಂದು ದಿನವೂ ಬಾಯಿಬಿಟ್ಟು ಹೇಳಿದವನಲ್ಲ. ಅವಳು ರಜೆಯಲ್ಲಿ ಬಂದಾಗ ಮಾತ್ರ ಕೆಲಸದ ಜಾಗಕ್ಕೆ ಕರೆದುಕೊಂಡು ಹೋಗಿ, ತಾನು ಕಟ್ಟಿದ್ದನ್ನು ತೋರಿಸುತ್ತಿದ್ದ. "ನೋಡು, ಭಾರ ಕೆಳಕ್ಕೆ ಒತ್ತುತ್ತೆ ಅನ್ನೋದು ಎಲ್ಲರಿಗೂ ಗೊತ್ತು. ಗಾಳಿ ಮೇಲಕ್ಕೆ ಎತ್ತುತ್ತೆ ಅನ್ನೋದು ಯಾರಿಗೂ ನೆನಪಿರಲ್ಲ. ಸೂರನ್ನ ಗೋಡೆ ಮೇಲೆ ಕೂರಿಸಿದ್ರೆ ಸಾಲದು ಪುಟ್ಟಿ, ಗೋಡೆಗೆ ಕಟ್ಟಿಹಾಕ್ಬೇಕು." ಅವನು ಬರೀ ಮೊಳೆ ನಂಬುತ್ತಿರಲಿಲ್ಲ. ಜಂತಿ ಗೋಡೆಗೆ ಸೇರುವ ಕಡೆಯೆಲ್ಲ ಕಬ್ಬಿಣದ ಪಟ್ಟಿ ಬಗ್ಗಿಸಿ ಬಿಗಿಯುತ್ತಿದ್ದ.

ಅವಳ ಕೆಲಸಕ್ಕೆ ಈ ಪಾಠ ಪುಸ್ತಕಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂತು. ಅವಳು ಓದುತ್ತಿದ್ದದ್ದು ಸುಂಟರಗಾಳಿ. ಅದರ ಒಳಗಿನ ವೇಗವನ್ನು ಅಳೆಯುವುದು ಸುಲಭವಲ್ಲ. ಅದು ಬರುವ ದಾರಿಯಲ್ಲಿ ಅಳೆಯುವ ಯಂತ್ರ ಇರುವುದೇ ಅಪರೂಪ, ಇದ್ದರೂ ಕೊನೆಯಲ್ಲಿ ಉಳಿಯುವುದು ಇನ್ನೂ ಅಪರೂಪ. ಹಾಗಾಗಿ ಎಲ್ಲ ಮುಗಿದ ಮೇಲೆ ಬಿದ್ದ ಮನೆ, ಮುರಿದ ಮರಗಳ ನಡುವೆ ನಡೆದು, ಏನು ಹೇಗೆ ಮುರಿದಿದೆ ಎಂದು ನೋಡಿ, ವೇಗ ಇಷ್ಟಿತ್ತು ಎಂದು ಲೆಕ್ಕ ಹಾಕಬೇಕು. ಹೆಂಚು ಮಾತ್ರ ಹಾರಿದ್ದರೆ ಒಂದನೇ ದರ್ಜೆ, ಗೋಡೆ ಸಮೇತ ಮನೆ ಗುಡಿಸಿಹೋಗಿದ್ದರೆ ಐದನೆಯದು, ಉಳಿದವು ನಡುವೆ. ಆದರೆ ಎರಡು ಮೊಳೆಯಲ್ಲಿ ನಿಂತಿದ್ದ ಸೂರು ಹಾರುವುದಕ್ಕೂ ಪಟ್ಟಿ ಬಿಗಿದ ಸೂರು ಹಾರುವುದಕ್ಕೂ ಅಜಗಜಾಂತರ. ಸಂಸ್ಥೆಯ ಇಂಜಿನಿಯರಿಗೆ ಕಾಂಕ್ರೀಟು ಕರತಲಾಮಲಕ, ಮರ ಮಾತ್ರ ಅವನಿಗೆ ಹತ್ತದು. ಮರ ಅವಳದ್ದು. ಅನುಮಾನ ಬಂದಾಗ ಅವಳು ಫೋಟೋ ತೆಗೆದು ಅಣ್ಣನಿಗೆ ಕಳಿಸುತ್ತಿದ್ದಳು. ಒಮ್ಮೆ, ಪೂರ್ತಿ ಸೂರೇ ಪಕ್ಕದ ಹೊಲದಲ್ಲಿ ಬಿದ್ದಿದ್ದ ಮನೆಯೊಂದರ ಫೋಟೋಕ್ಕೆ ಅವನ ಉತ್ತರ ಬಂತು: "ಇದು ಗಾಳಿ ಕೆಲಸ ಅಲ್ಲ. ಯಾವನೋ ಮೊಳೆಕಳ್ಳನ ಕೆಲಸ." ಆ ವರ್ಷದ ವರದಿಗಳಲ್ಲಿ ಇಂಜಿನಿಯರ್ ಪೆನ್ಸಿಲಿನಲ್ಲಿ ಅಲ್ಲಲ್ಲಿ 'ಮೊ.ಕ.' ಎಂದು ಬರೆಯತೊಡಗಿದ.

ಅವಳ ಜೀವವೆಲ್ಲ ಇದ್ದದ್ದು ಮಾತ್ರ ಬೇರೊಂದು ಪ್ರಶ್ನೆಯಲ್ಲಿ. ಗುಡುಗು ಮೋಡಗಳಲ್ಲಿ ಕೆಲವು ತಮ್ಮೊಳಗೇ ತಿರುಗುತ್ತವೆ. ರೇಡಾರಿನಲ್ಲಿ ನೋಡಿದರೆ ನಮ್ಮತ್ತ ಬರುವ ಗಾಳಿ ಹಸಿರಾಗಿ, ದೂರ ಹೋಗುವ ಗಾಳಿ ಕೆಂಪಾಗಿ, ಅಕ್ಕಪಕ್ಕ ಕಾಣುತ್ತವೆ. ಹಾಗೆ ತಿರುಗುವ ನಾಲ್ಕು ಮೋಡಗಳಲ್ಲಿ ಮೂರು ಮಳೆ ಸುರಿಸಿ, ಆಲಿಕಲ್ಲು ಬೀರಿ, ಸುಮ್ಮನಾಗುತ್ತವೆ. ಒಂದು ಮಾತ್ರ ನೆಲಕ್ಕೆ ಸುಂಟರಗಾಳಿ ಇಳಿಸುತ್ತದೆ. ನೋಡಲು ಎಲ್ಲವೂ ಒಂದೇ. ಯಾವುದು ಆ ನಾಲ್ಕನೆಯದು, ಯಾಕೆ?

"ಇದೇನು ದೊಡ್ಡ ವಿಷಯ?" ಎಂದು ಅಣ್ಣ ನಗುತ್ತಿದ್ದ. "ಒಂದೇ ಹೊಟ್ಟೇಲಿ ಹುಟ್ಟಿದ್ವಿ, ಒಬ್ಳು ಡಾಕ್ಟರ್, ಒಬ್ಬ ಬಡಗಿ. ಯಾಕೆ ಅಂತ ಕೇಳಿದ್ರೆ ನಮ್ಮಮ್ಮನ ಕೈಲೇ ಹೇಳಕ್ಕಾಗ್ಲಿಲ್ಲ. ಮೋಡದ ಅಮ್ಮನ್ನ ಎಲ್ಲಿ ಹುಡುಕ್ತೀಯ?"

ಪುಟ್ಟಿಯ ಉತ್ತರ ಮೋಡದ ಬೆನ್ನಿಗೆ ಇಳಿಯುವ ಗಾಳಿಯಲ್ಲಿತ್ತು. ಮಳೆಯೊಂದಿಗೆ ಕೆಳಗಿಳಿದ ಗಾಳಿ ತೀರ ತಣ್ಣಗಿದ್ದರೆ ಅದು ಭಾರವಾಗಿ ನೆಲಕ್ಕೆ ಕಚ್ಚಿಕೊಳ್ಳುತ್ತದೆ, ಮೋಡ ಎಷ್ಟು ಎಳೆದರೂ ಮೇಲೇಳುವುದಿಲ್ಲ. ನೆಲವೇ ತಣ್ಣಗಿರುವ ಕಡೆ ಹೀಗಾಗುವುದು ಹೆಚ್ಚು. ಸ್ವಲ್ಪ ಬೆಚ್ಚಗಿದ್ದರೆ ಮೋಡ ಅದನ್ನು ಮೇಲಕ್ಕೆ ಸೆಳೆದುಕೊಳ್ಳುತ್ತದೆ. ಸೆಳೆದಂತೆ ಸುತ್ತು ಸಣ್ಣದಾಗುತ್ತದೆ, ಸಣ್ಣದಾದಂತೆ ಬಿರುಸಾಗುತ್ತದೆ, ಕೈ ಚಾಚಿಕೊಂಡು ಗಿರಗಿರ ತಿರುಗುವ ಮಗು ಕೈ ಮಡಚಿಕೊಂಡ ಕೂಡಲೇ ಜೋರಾಗಿ ತಿರುಗುವ ಹಾಗೆ. ಹನ್ನೊಂದು ವರ್ಷದ ಅಳತೆಗಳು ಅವಳ ಮಾತನ್ನೇ ಹೇಳುತ್ತಿದ್ದವು. ಹೆಚ್ಚುಕಡಿಮೆ.

ಆ ದಿನ ಮಧ್ಯಾಹ್ನ ಎರಡು ಮೋಡ ಎದ್ದವು.

ಲಾರಿಯ ಮೇಲೆ ಕೂರಿಸಿದ ರೇಡಾರು ಇದ್ದದ್ದು ಒಂದೇ. ಹೆದ್ದಾರಿ ಕವಲೊಡೆಯುವ ಕಡೆ, ಪೆಟ್ರೋಲ್ ಬಂಕಿನ ಪಕ್ಕ ಲಾರಿ ನಿಲ್ಲಿಸಿಕೊಂಡು ಮೂವರೂ ಪರದೆ ನೋಡುತ್ತಿದ್ದರು: ಪುಟ್ಟಿ, ಇಂಜಿನಿಯರ್, ಡ್ರೈವರ್. ಡ್ರೈವರಿಗೆ ಅರವತ್ತರ ಹತ್ತಿರ. ಮೋಡ ನೋಡಿ ನೋಡಿ ಅವನೂ ಅರ್ಧ ವಿಜ್ಞಾನಿಯಾಗಿದ್ದ. "ಮೇಡಂ, ಎಡಕ್ಕಾ ಬಲಕ್ಕಾ? ಇಲ್ಲೇ ನಿಂತ್ರೆ ಎರಡೂ ತಪ್ಪಿಹೋಗ್ತವೆ" ಎಂದು ಎರಡು ಸಲ ಕೇಳಿದ.

ದಕ್ಷಿಣದ ಮೋಡ ಒಂಟಿಯಾಗಿ, ಕಾದ ನೆಲದ ಮೇಲೆ ಬೆಳೆಯುತ್ತಿತ್ತು. ಉತ್ತರದ್ದು ಬೆಳಗ್ಗೆ ಮಳೆ ಬಿದ್ದು ತಣ್ಣಗಾದ ನೆಲದ ಮೇಲಿತ್ತು. ಆ ಸೀಮೆಗೆಲ್ಲ ಇದ್ದದ್ದು ಒಂದು ಅಳತೆಯ ಕೇಂದ್ರ, ಅದು ಗಂಟೆಗೊಮ್ಮೆ ಲೆಕ್ಕ ಕಳಿಸುತ್ತಿತ್ತು. ನಾಲ್ಕು ಗಂಟೆಯ ಲೆಕ್ಕ ಬಂತು. ಹತ್ತೊಂಬತ್ತು ಡಿಗ್ರಿ. "ಉತ್ತರದ್ದು ತಣ್ಣಗಿದೆ, ದಕ್ಷಿಣಕ್ಕೆ ನಡೀರಿ" ಎಂದಳು ಪುಟ್ಟಿ. ಲಾರಿ ಬಲಕ್ಕೆ ತಿರುಗಿತು.

ಹನ್ನೆರಡು ನಿಮಿಷಕ್ಕೆ ಅಣ್ಣನ ಫೋನು ಬಂತು. ಅವನ ಊರು ಉತ್ತರದಲ್ಲಿತ್ತು.

"ಪುಟ್ಟಿ, ಇಲ್ಲಿ ಮೋಡ ಕಪ್ಪಿಟ್ಟಿದೆ. ಎಲ್ಲರ ಫೋನಿಗೂ ಎಚ್ಚರಿಕೆ ಬಂತು, ತಿರುಗೋ ಮೋಡ, ಹುಷಾರು ಅಂತ. ನಿಮ್ಮತ್ತಿಗೆ ಬಾಗಿಲಿಗೆ ಅಡ್ಡ ನಿಂತಿದಾಳೆ."

"ಮತ್ತೆ ಮನೇಲೇ ಇರು, ಏನೀಗ?"

"ಟೀಚರಮ್ಮನ ಮನೆ ಸೂರು ಅರ್ಧ ಬಿಚ್ಚಿಟ್ಟು ಬಂದಿದೀನಿ ಕಣೆ. ಮಳೆ ಬಿದ್ರೆ ಒಳಗಿರೋ ಪುಸ್ತಕ ಎಲ್ಲ ಮುದ್ದೆ ಆಗ್ತವೆ, ಪಾಪ. ಟಾರ್ಪಾಲು ಕಟ್ಟಿ ಬಂದುಬಿಡ್ಲಾ? ಹೇಳು, ಇದು ಇಳಿಯೋ ಮೋಡಾನಾ, ಬರೀ ಕೂಗಾಡೋ ಮೋಡಾನಾ?"

ಅವಳು ಪರದೆಯ ಮೇಲ್ಭಾಗ ನೋಡಿದಳು. ಅಲ್ಲಿ ಕೆಂಪು ಹಸಿರು ಇದ್ದವು, ಒಂದಕ್ಕೊಂದು ದೂರ ದೂರ. ಲಾರಿ ಹಳ್ಳಕ್ಕಿಳಿದು ಎದ್ದಿತು. ಇಂಜಿನಿಯರ್ ಏನೋ ಕೇಳುತ್ತಿದ್ದ, ಡ್ರೈವರ್ ಮುಂದಿನ ತಿರುವು ಯಾವುದೆಂದು ಕೂಗುತ್ತಿದ್ದ.

"ತಿರುಗ್ತಿದೆ, ಆದ್ರೆ ಇಳಿಯಲ್ಲ ಅಣ್ಣ. ಕೆಳಗೆ ತಣ್ಣಗಿದೆ. ಮಳೆ ಜೋರಾಗೇ ಬರುತ್ತೆ. ನಲವತ್ತು ನಿಮಿಷ ಟೈಮಿದೆ, ಬೇಗ ಕಟ್ಟಿ ಬಾ."

"ಗ್ಯಾರಂಟಿ ತಾನೇ?"

"ನೂರಕ್ಕೆ ನೂರು."

ಈ ಮಾತನ್ನು ಅವಳು ತನ್ನ ಕೆಲಸದಲ್ಲಿ ಯಾರಿಗೂ ಹೇಳಿದವಳಲ್ಲ. ಪತ್ರಿಕೆಯವರು ಕೇಳಿದಾಗ, ಮಂತ್ರಿಗಳ ಕಚೇರಿಯವರು ಕೇಳಿದಾಗ, ಶೇಕಡಾ ಇಷ್ಟು, ಇಷ್ಟರೊಳಗೆ, ಈಗಿರುವ ಅಳತೆಯ ಪ್ರಕಾರ ಎಂದು ನೂರೆಂಟು ಬೇಲಿ ಹಾಕಿಯೇ ಮಾತಾಡುತ್ತಿದ್ದಳು. ಅಣ್ಣನಿಗೆ ಮಾತ್ರ ನೂರಕ್ಕೆ ನೂರು ಅಂದಳು. ಫೋನಿಡಬೇಕಿತ್ತು.

ದಕ್ಷಿಣದ ಮೋಡ ಕಣ್ಣಿಗೆ ಹಬ್ಬವಾಗಿತ್ತು. ಬುಡದಲ್ಲಿ ಕುಂಬಾರನ ತಿಗರಿಯ ಮೇಲಿನ ಮಣ್ಣಿನಂತೆ ನಿಧಾನಕ್ಕೆ ತಿರುಗುವ ಒಂದು ತುಂಡು ಜೋತುಬಿತ್ತು. ಅವರು ಗಡಿಬಿಡಿಯಲ್ಲಿ ಬಲೂನು ಹಾರಿಸಿದರು, ರಸ್ತೆಯುದ್ದಕ್ಕೂ ಅಳತೆಯ ಪೆಟ್ಟಿಗೆಗಳನ್ನು ಇಟ್ಟರು. ಕಾದರು. ಆ ತುಂಡು ಕರಗಿತು. ಮೋಡ ಬೆಳ್ಳಗಾಗಿ, ಅಂಚು ಹರಿದು, ಹತ್ತಿ ಹಿಂಜಿದಂತಾಯಿತು. ಮೂವರ ಮೇಲೂ ನಾಲ್ಕು ಹನಿ ಉದುರಿದವು.

"ಥತ್" ಎಂದ ಡ್ರೈವರ್.

ಇಂಜಿನಿಯರ್ ಲಾರಿಯೊಳಗಿನಿಂದ ಕರೆದ. "ಮೇಡಂ, ಇಲ್ಲಿ ಬನ್ನಿ." ಅವನ ದನಿಯಲ್ಲೇ ಅವಳಿಗೆ ಗೊತ್ತಾಯಿತು. ನಗರದ ದೊಡ್ಡ ರೇಡಾರಿನ ಚಿತ್ರ ತೆರೆದಿಟ್ಟಿದ್ದ. ಉತ್ತರದಲ್ಲಿ ಕೆಂಪು ಹಸಿರು ಒಂದಕ್ಕೊಂದು ಒತ್ತಿಕೊಂಡು ನಿಂತಿದ್ದವು, ನಡುವೆ ಗೆರೆ ಹೋಗಲೂ ಜಾಗವಿಲ್ಲದಂತೆ. ಸಮಯ ನಾಲ್ಕು ನಲವತ್ತೆರಡು. ಅವಳು ಅಣ್ಣನಿಗೆ ಫೋನು ಮಾಡಿದಳು. ರಿಂಗಾಯಿತು. ರಿಂಗಾಗುತ್ತಲೇ ಇತ್ತು.

ದಾರಿಯಲ್ಲಿ ಅವಳು ಅರವತ್ತು ಸಲವಾದರೂ ಫೋನು ಮಾಡಿರಬೇಕು. ಡ್ರೈವರ್ ಅಷ್ಟು ದೊಡ್ಡ ಲಾರಿಯನ್ನು ಕಾರಿನಂತೆ ಓಡಿಸಿದ. ಊರಿನ ಅಂಚಿನಲ್ಲಿ ವಿದ್ಯುತ್ ಕಂಬಗಳು ರಸ್ತೆಗೆ ಅಡ್ಡ ಮಲಗಿದ್ದವು. ಅಲ್ಲಿಂದ ಅವಳು ಓಡಿದಳು. ಅಣ್ಣನ ಮನೆ ದೂರದಿಂದಲೇ ಕಂಡಿತು. ನಿಂತಿತ್ತು. ನಾಲ್ಕು ಹೆಂಚು ಹೋಗಿದ್ದವು, ಅಷ್ಟೆ. ಒಂದು ಕ್ಷಣ ಅವಳ ಎದೆಯ ಮೇಲಿನ ಕಲ್ಲು ಇಳಿಯಿತು. ಬಾಗಿಲಲ್ಲಿ ಅತ್ತಿಗೆ ಒಬ್ಬರೇ ಕುಳಿತಿದ್ದರು. ಬಚ್ಚಲುಮನೆಯಲ್ಲಿ ಅಡಗಿದ್ದವರ ಸೀರೆಯಂಚು ಇನ್ನೂ ಒದ್ದೆಯಾಗಿತ್ತು.

"ಬೇಡ ಅಂದೆ ಪುಟ್ಟಿ" ಎಂದರು ಅತ್ತಿಗೆ. "ಬಾಗಿಲಿಗೆ ಅಡ್ಡ ನಿಂತೆ."

ಟೀಚರಮ್ಮ ಉಳಿದಿದ್ದರು. ಮೋಡ ಹತ್ತಿರವಾದಾಗ ಅಕ್ಕಪಕ್ಕದವರ ಜೊತೆ ಶಾಲೆಯ ನೆಲಮಾಳಿಗೆಗೆ ಹೋಗಿದ್ದರಂತೆ. ಹೊರಟಾಗ ಏಣಿಯ ಮೇಲಿದ್ದ ಅಣ್ಣನನ್ನು ಕರೆದರಂತೆ. "ನೀವು ನಡೀರಿ ಟೀಚರ್, ಬರೀ ಮಳೆ ಇದು. ನಂಗೆ ಖಾತ್ರಿ ಸುದ್ದಿ ಇದೆ" ಎಂದು ಅವನು ಮೇಲಿನಿಂದ ಕೂಗಿದನಂತೆ.

ಮೂರನೆಯ ದಿನ ಹಾನಿಯ ಸಮೀಕ್ಷೆ. ಇಂಜಿನಿಯರ್ ಮನೆಗೇ ಬಂದು ಹೇಳಿದ, "ಮೇಡಂ, ನೀವು ಬರೋದು ಬೇಡ. ಬೇರೆ ಕಡೆಯಿಂದ ಯಾರನ್ನಾದ್ರೂ ಕರೆಸೋಣ."

"ಮರ ಯಾರು ಓದ್ತಾರೆ?" ಎಂದಳು ಅವಳು.

ಬೀದಿಯ ಒಂದು ತುದಿಯಿಂದ ಶುರುಮಾಡಿದರು. ಇಂಜಿನಿಯರ್ ಬರೆದುಕೊಳ್ಳುತ್ತ, ಅವಳು ನೋಡುತ್ತ, ಡ್ರೈವರ್ ಎರಡು ಹೆಜ್ಜೆ ಹಿಂದೆ. ಯಾರದೋ ಹೊಲಿಗೆ ಯಂತ್ರ ಬೇಲಿಯಲ್ಲಿ ಸಿಕ್ಕಿಕೊಂಡಿತ್ತು. ಮರಗಳ ತೊಗಟೆಯಲ್ಲಿ ಹೆಂಚಿನ ಚೂರು ನಾಟಿದ್ದವು. ಪ್ರತಿ ಮನೆಯ ಮುಂದೆಯೂ ಅವಳು ನಿಂತು, ಜಂತಿಯ ತುದಿ ನೋಡಿ, ಮೊಳೆಯ ಉದ್ದ ನೋಡಿ, ದರ್ಜೆ ಹೇಳಿದಳು. ಒಂದು. ಒಂದು. ಎರಡು. ಎಂಟನೆಯದು ಟೀಚರಮ್ಮನ ಮನೆ.

ಅರ್ಧ ಸೂರು ಹಾಗೇ ಇತ್ತು. ಅದು ಅಣ್ಣ ಆ ವಾರ ಕಟ್ಟಿ ಮುಗಿಸಿದ್ದ ಅರ್ಧ. ಪ್ರತಿ ಜಂತಿಗೂ ಹೊಸ ಪಟ್ಟಿ, ಬಿಸಿಲಿಗೆ ಹೊಳೆಯುತ್ತಿತ್ತು. ಬಿಚ್ಚಿದ್ದ ಇನ್ನರ್ಧದ ಹಳೆಯ ತೊಲೆ ಅಂಗಳದಲ್ಲಿ ಬಿದ್ದಿತ್ತು. ಅದನ್ನು ಅಕ್ಕಪಕ್ಕದವರು ಎತ್ತಿ ಪಕ್ಕಕ್ಕೆ ಹಾಕಿದ್ದರು, ಅವನನ್ನು ಹೊರಗೆ ತೆಗೆಯಲು. ಟಾರ್ಪಾಲಿನ ಎರಡು ಮೂಲೆಯ ಗಂಟುಗಳು ಹಾಕಿದ ಹಾಗೇ ಇದ್ದವು. ಅವಳು ಒಳಗೆ ಹೋದಳು. ಅಡುಗೆಮನೆಯಲ್ಲಿ, ಉಳಿದ ಅರ್ಧ ಸೂರಿನ ಕೆಳಗೆ, ಗೋಡೆಯ ಕೊಕ್ಕೆಗಳಲ್ಲಿ ಆರು ಕಪ್ಪುಗಳು ತೂಗುತ್ತಿದ್ದವು. ಒಂದೂ ಒಡೆದಿರಲಿಲ್ಲ. ಏಣಿಯಿಂದ ಇಳಿದು ಹತ್ತು ಹೆಜ್ಜೆ ಈ ಅಡುಗೆಮನೆಗೆ ಬಂದು ನಿಂತಿದ್ದರೂ ಸಾಕಿತ್ತು.

ಹೊರಗೆ ಇಂಜಿನಿಯರ್ ಪೆನ್ನು ಹಿಡಿದು ನಿಂತಿದ್ದ. "ಮೂರು ಅಂತ ಹಾಕ್ಲಾ ಮೇಡಂ?" ಎಂದು ಮೆಲ್ಲಗೆ ಕೇಳಿದ. ಅವನು ಯಾಕೆ ಹಾಗೆ ಕೇಳುತ್ತಿದ್ದಾನೆಂದು ಅವಳಿಗೆ ಗೊತ್ತಿತ್ತು. ಗಾಳಿ ದೊಡ್ಡದಾದಷ್ಟೂ ಉಳಿದವರಿಗೆ ಸಮಾಧಾನ ಜಾಸ್ತಿ.

"ಎರಡು" ಎಂದಳು.

"ತೊಲೆನೇ ಬಿದ್ದಿದೆಯಲ್ಲ..."

"ಅದು ಬಿಚ್ಚಿಟ್ಟಿದ್ದ ತೊಲೆ. ಅದಕ್ಕೆ ಎರಡು ಹಳೆ ಮೊಳೆ ಬಿಟ್ರೆ ಏನೂ ಇರ್ಲಿಲ್ಲ. ಕಟ್ಟಿದ್ದು ನಿಂತಿದೆ. ಎರಡು ಅಂತ ಬರೀರಿ."

ಅವನು ಬರೆದ. ಅವಳು ಗೇಟಿನ ಆಚೆ ಹೋಗಿ, ರಸ್ತೆಯ ಮೋರಿಯ ಮೇಲೆ ಕುಳಿತಳು. ಡ್ರೈವರ್ ನೀರಿನ ಬಾಟಲಿ ತಂದ. ಮುಚ್ಚಳ ತಾನೇ ತೆಗೆದು ಕೊಟ್ಟು, ಮುಖ ತಿರುಗಿಸಿ ನಿಂತ.

ವಾರ ಕಳೆದ ಮೇಲೆ, ಬಂದವರೆಲ್ಲ ಹೋಗಿ ಮನೆ ಬರಿದಾದ ಒಂದು ಬೆಳಗ್ಗೆ, ಅತ್ತಿಗೆ ಪಾತ್ರೆ ತೊಳೆಯುತ್ತಿದ್ದರು, ಅವಳು ಒರೆಸಿಡುತ್ತಿದ್ದಳು.

"ತುಂಬಾ ದೊಡ್ಡದಲ್ವಾ ಪುಟ್ಟಿ ಅದು?" ಎಂದರು ಅತ್ತಿಗೆ, ತಲೆಯೆತ್ತದೆ. "ನೀನು ನೋಡಿದೀಯಲ್ಲ. ಅಂಥದ್ರಲ್ಲಿ ಯಾರೂ ಉಳೀತಿರ್ಲಿಲ್ಲ ತಾನೇ? ಎಲ್ಲಿದ್ರೂ?"

ಪುಟ್ಟಿ ಕೈಯಲ್ಲಿದ್ದ ಲೋಟ ಒರೆಸಿದಳು. ಒರೆಸಿದ್ದನ್ನೇ ಮತ್ತೆ ಒರೆಸಿದಳು. ಹೌದು ಅಂದುಬಿಟ್ಟರೆ ಮುಗಿಯುತ್ತಿತ್ತು. ಆ ವರದಿಯನ್ನು ಅತ್ತಿಗೆ ಓದುವವರಲ್ಲ.

"ಇಲ್ಲ ಅತ್ತಿಗೆ. ಅಷ್ಟು ದೊಡ್ಡದಿರ್ಲಿಲ್ಲ."

ಅತ್ತಿಗೆಯ ಕೈ ನಿಂತಿತು.

"ಮತ್ಯಾಕೆ ಹೋದ್ರು? ನಾನು ಅಷ್ಟು ಹೇಳಿದೆ. ಕೂತ್ಕೊಳ್ಳಿ ಅಂದ್ರೆ ಕೂತ್ರು ಕಣೆ, ಚಪ್ಪಲಿನೂ ಬಿಟ್ರು. ಆಮೇಲೆ ಹಿತ್ತಲಿಗೆ ಹೋಗಿ ಯಾರಿಗೋ ಫೋನ್ ಮಾಡಿದ್ರು, ಗುಡುಗಿನಲ್ಲಿ ನಂಗೇನೂ ಕೇಳಿಸ್ಲಿಲ್ಲ. ನಗ್ತಾ ಬಂದ್ರು. ಬರೀ ಮಳೆಯಂತೆ ಬಿಡೇ ಅಂತ ಕೆನ್ನೆ ತಟ್ಟಿ ಹೋದ್ರು. ಆ ಟೀಚರೇ ಏನೋ ಹೇಳಿ ಕರೆಸ್ಕೊಂಡ್ಳು ಅಂತ ನಾನು... ಅವಳ ಮುಖ ನೋಡೋಕೂ ನಂಗೆ ಮನಸ್ಸಿಲ್ಲ."

"ಟೀಚರ್ ಅಲ್ಲ. ನನಗೆ ಮಾಡಿದ್ದು."

ನಲ್ಲಿಯಲ್ಲಿ ನೀರು ಸುರಿಯುತ್ತಲೇ ಇತ್ತು. ಅವಳು ಎಲ್ಲವನ್ನೂ ಹೇಳಿದಳು. ಎರಡು ಮೋಡ, ಒಂದು ಲಾರಿ, ಹತ್ತೊಂಬತ್ತು ಡಿಗ್ರಿ. ಹೇಳುವಾಗ ತನ್ನ ದನಿ ಪಾಠ ಮಾಡುವವಳ ದನಿಯಂತಿರುವುದು ಅವಳಿಗೇ ಕೇಳಿಸಿತು, ತಡೆಯಲಾಗಲಿಲ್ಲ.

"ಏನಂದೆ ನೀನು? ಸರಿಯಾಗಿ ಹೇಳು, ಏನಂದೆ?"

"ಇಳಿಯಲ್ಲ ಅಂದೆ. ಗ್ಯಾರಂಟಿನಾ ಅಂತ ಕೇಳ್ದ. ನೂರಕ್ಕೆ ನೂರು ಅಂದೆ."

ಅತ್ತಿಗೆ ನಲ್ಲಿ ನಿಲ್ಲಿಸಿದರು. ಸೆರಗಿನಲ್ಲಿ ಒಂದೊಂದೇ ಬೆರಳು ಒರೆಸಿಕೊಂಡರು. ಆಮೇಲೆ ಯಾರೋ ಹೊರಗಿನವರೊಂದಿಗೆ ಮಾತಾಡುವಂತೆ ಹೇಳಿದರು.

"ಇಪ್ಪತ್ತಾರು ವರ್ಷ ಸಂಸಾರ ಮಾಡಿದೆ ಪುಟ್ಟಿ. ನಾನು ಒಂದು ಮಾತು ಹೇಳಿದ್ರೆ ಹತ್ತು ಪ್ರಶ್ನೆ ಕೇಳೋರು. ನೀನು ಹೇಳಿದ್ದಕ್ಕೆ ಒಂದು ಪ್ರಶ್ನೆನೂ ಕೇಳ್ತಿರ್ಲಿಲ್ಲ. ನಂಗೆ ಒಳಗೊಳಗೇ ಹೊಟ್ಟೆಕಿಚ್ಚು ಆಗ್ತಿತ್ತು." ಪುಟ್ಟಿಯ ಕೈಯಿಂದ ಒರೆಸುವ ಬಟ್ಟೆ ತೆಗೆದುಕೊಂಡರು. "ಈಗ ನೀನು ಹೋಗು. ಎದುರಿಗಿದ್ರೆ ಏನಾದ್ರೂ ಅಂದುಬಿಡ್ತೀನಿ. ಅಂದ ಮೇಲೆ ವಾಪಸ್ ತಗೊಳ್ಳಕ್ಕಾಗಲ್ಲ."

ಅವಳು ಚೀಲ ತೆಗೆದುಕೊಂಡು ಹೊರಟಳು. ಅತ್ತಿಗೆ ಬಾಗಿಲ ತನಕ ಬರಲಿಲ್ಲ. ಬೀದಿಯಲ್ಲಿ ಹೋಗುವಾಗ ಟೀಚರಮ್ಮ ಎದುರಾದರು. "ಇನ್ನರ್ಧ ಸೂರು ಬೇರೆಯವರ ಕೈಲಿ ಕಟ್ಟಿಸೋಕೆ ಮನಸ್ಸು ಬರ್ತಿಲ್ಲಮ್ಮ" ಎಂದು ಕಣ್ಣೊರೆಸಿಕೊಂಡರು.

ಆಮೇಲಿನ ತಿಂಗಳುಗಳಲ್ಲಿ ಅವಳು ಕೆಲಸ ಮಾಡಿದಳು. ಬೇರೇನು ಮಾಡಬೇಕೆಂದು ಗೊತ್ತಿರಲಿಲ್ಲ. ಆ ದಿನದ ಪ್ರತಿ ಅಳತೆ, ಉಪಗ್ರಹದ ಪ್ರತಿ ಚಿತ್ರ ಹರಡಿಕೊಂಡು ಕುಳಿತಳು. ಒಂದು ಚಿತ್ರದಲ್ಲಿ, ಬೆಳಗಿನ ಮಳೆಮೋಡಕ್ಕೂ ಸಂಜೆಯ ಮೋಡಕ್ಕೂ ನಡುವೆ ಮೋಡವಿಲ್ಲದ ಕಪ್ಪು ಸೀಳು ಕಂಡಿತು. ಬಿಸಿಲು. ಎಷ್ಟು ಹೊತ್ತು? ನೆಲ ಎಷ್ಟು ಬೆಚ್ಚಗಾಯಿತು? ಗಂಟೆಗೊಮ್ಮೆ ಅಳೆಯುವ ಕೇಂದ್ರಕ್ಕೆ ಅದು ಗೊತ್ತೇ ಇರಲಿಲ್ಲ. ಕೊನೆಗೆ ಆ ಊರಿನ ಹೊರಗಿನ ಒಂದು ನರ್ಸರಿಯಲ್ಲಿ ಉತ್ತರ ಸಿಕ್ಕಿತು. ಸಸಿಗಳ ಮಾಲೀಕ ತನ್ನ ಗಾಜಿನ ಮನೆಯ ಹೊರಗೆ, ಐದು ನಿಮಿಷಕ್ಕೊಮ್ಮೆ ತಾನಾಗಿ ಬರೆದುಕೊಳ್ಳುವ ಒಂದು ಥರ್ಮಾಮೀಟರ್ ನೇತುಹಾಕಿದ್ದ. ನಾಲ್ಕು ಗಂಟೆಗೆ ಹತ್ತೊಂಬತ್ತು. ನಾಲ್ಕು ಹತ್ತಕ್ಕೆ ಇಪ್ಪತ್ತೊಂದು. ನಾಲ್ಕು ಮೂವತ್ತೈದಕ್ಕೆ ಇಪ್ಪತ್ತೈದು. ಬಿಸಿಲು ಕಾಯಿಸಿದ್ದಷ್ಟೇ ಅಲ್ಲ, ದಕ್ಷಿಣದ ಬೆಚ್ಚನೆ ಗಾಳಿಯೂ ಆ ಸೀಳಿನಲ್ಲಿ ನುಗ್ಗಿತ್ತು. ಉತ್ತರದ ಮೋಡ ಬಂದದ್ದು ಸರಿಯಾಗಿ ಆ ಬೆಚ್ಚನೆಯ ಅಂಚಿನ ಮೇಲೆ.

ಅವಳ ಉತ್ತರ ಸರಿಯಿತ್ತು. ಬೆಚ್ಚನೆಯ ಗಾಳಿ ಇದ್ದ ಕಡೆಯೇ ಸುಂಟರಗಾಳಿ ಇಳಿದಿತ್ತು. ಹನ್ನೊಂದು ವರ್ಷ ಹೆಚ್ಚುಕಡಿಮೆ ಅನ್ನುತ್ತಿದ್ದ ಮಾತಿಗೆ ಇಷ್ಟು ಚೊಕ್ಕ ಸಾಕ್ಷಿ ಹಿಂದೆಂದೂ ಸಿಕ್ಕಿರಲಿಲ್ಲ.

ಸಮ್ಮೇಳನದಲ್ಲಿ ಅವಳು ಅದನ್ನು ಮಂಡಿಸಿದಾಗ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಎಚ್ಚರಿಕೆ ಕೊಡುವ ಕಚೇರಿಯವರು ಆ ಸೀಮೆಗೆಲ್ಲ ಐದು ನಿಮಿಷದ ಅಳತೆ ಯಂತ್ರ ಹಾಕಿಸುವುದಾಗಿ ಒಪ್ಪಿಕೊಂಡರು. ಮುಂದಿನ ಸಾಲಿನ ಹಿರಿಯರೊಬ್ಬರು ಕೈ ಕುಲುಕಿ, "ಇಂಥ ಒಂದು ಮೋಡ ಸಿಗೋದಕ್ಕೆ ಅದೃಷ್ಟ ಬೇಕಮ್ಮ" ಅಂದರು. ಅವರಿಗೆ ಗೊತ್ತಿರಲಿಲ್ಲ. ಅವಳು ಥ್ಯಾಂಕ್ಸ್ ಹೇಳಿ, ಹೆಂಗಸರ ಟಾಯ್ಲೆಟ್ಟಿಗೆ ಹೋಗಿ, ನಲ್ಲಿ ಪೂರ್ತಿ ತಿರುಗಿಸಿ, ಬಾಯಿಗೆ ಕರ್ಚೀಫು ಒತ್ತಿಕೊಂಡು ಅತ್ತಳು. ಯಾರಿಗೆ ಫೋನು ಮಾಡಿ ಈ ಸುದ್ದಿ ಹೇಳಬೇಕಿತ್ತೋ ಅವನೇ ಇರಲಿಲ್ಲ.

ಐದು ತಿಂಗಳಾದ ಮೇಲೆ, ಒಂದು ಮಧ್ಯಾಹ್ನ, ಡ್ರೈವರ್ ಬಂದು "ಮೇಡಂ, ನಿಮ್ಮತ್ತಿಗೆ ಬಂದಿದಾರೆ" ಎಂದ. ಅವಳು ನಂಬಲಿಲ್ಲ. ಅತ್ತಿಗೆ ಯಾವತ್ತೂ ಸಂಸ್ಥೆಗೆ ಬಂದವರಲ್ಲ. ಹೊರಗೆ ಕಾಯುವ ಬೆಂಚಿನ ತುದಿಯಲ್ಲಿ ಕೈಚೀಲವನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿದ್ದರು. ಇಳಿದುಹೋಗಿದ್ದರು. ಮುಂಗೈಯ ಬಳೆ ಮೊಣಕೈ ತನಕ ಜಾರುತ್ತಿತ್ತು.

"ಆ ದಿನದ ಚಿತ್ರ ಇದೆಯಂತಲ್ಲ" ಎಂದರು. "ಪೇಪರಿನಲ್ಲಿ ಬರೆದಿದ್ರು. ನಂಗೆ ತೋರಿಸು."

"ಬೇಡ ಅತ್ತಿಗೆ..."

"ಊರಿಗೆಲ್ಲ ತೋರಿಸಿದೀಯ. ನಂಗೆ ತೋರಿಸು."

ಕೋಣೆಗೆ ಕರೆದುಕೊಂಡು ಹೋಗಿ ಕೂರಿಸಿದಳು. ಪರದೆ ತೆರೆದಳು. ಐದು ನಿಮಿಷಕ್ಕೊಂದರಂತೆ ಚಿತ್ರಗಳು. ಕೆಂಪು ಅಂದರೇನು, ಹಸಿರು ಅಂದರೇನು ಎಂದು ಹೇಳಿದಳು. ಅತ್ತಿಗೆ ತಲೆಯಾಡಿಸಿದರು. ಊರು ಎಲ್ಲಿ ಎಂದು ಕೇಳಿದರು. ಅವಳು ಬೆರಳಿಟ್ಟು ತೋರಿಸಿದಳು. ನಮ್ಮ ಬೀದಿ ಎಲ್ಲಿ ಎಂದು ಕೇಳಿದರು. ಬೆರಳು ಕೂದಲೆಳೆಯಷ್ಟು ಸರಿಯಿತು. ನಾಲ್ಕು ಹದಿನೇಳು, ನಾಲ್ಕು ಇಪ್ಪತ್ತೆರಡು, ನಾಲ್ಕು ಇಪ್ಪತ್ತೇಳು. ಮೋಡ ಮೆಟ್ಟಿಲು ಮೆಟ್ಟಿಲಾಗಿ ಹತ್ತಿರ ಬಂತು. ನಾಲ್ಕು ಮೂವತ್ತೇಳಕ್ಕೆ ಅದರ ಅಂಚು ಊರಿನ ಪಕ್ಕ ನಿಂತಿತು.

"ನಿಲ್ಲಿಸು" ಎಂದರು ಅತ್ತಿಗೆ.

ಅವಳು ಕೈ ತೆಗೆದಳು.

"ಇದರಲ್ಲಿ ಇದಾರಾ?"

"ಇದಾನೆ ಅತ್ತಿಗೆ."

"ಮುಂದಿನದ್ರಲ್ಲಿ?"

ಪುಟ್ಟಿ ಮುಂದಿನದನ್ನು ತೆರೆಯಲಿಲ್ಲ. ಅತ್ತಿಗೆ ಕುರ್ಚಿಯನ್ನು ಪರದೆಯ ಹತ್ತಿರ ಎಳೆದುಕೊಂಡರು. ಅಲ್ಲಿ ಬಣ್ಣದ ಚುಕ್ಕೆಗಳ ಹೊರತು ಏನೂ ಇರಲಿಲ್ಲ. ಮನೆಯಿಲ್ಲ, ಏಣಿಯಿಲ್ಲ, ಮನುಷ್ಯರಿಲ್ಲ. ಆದರೂ ಅವರು ಗುಂಪಿನ ಫೋಟೋದಲ್ಲಿ ತಮ್ಮವರನ್ನು ಹುಡುಕುವಂತೆ, ಕಣ್ಣು ಕಿರಿದು ಮಾಡಿ, ಬೀದಿಯಿದ್ದ ಜಾಗವನ್ನೇ ನೋಡುತ್ತ ಕುಳಿತರು. ಪಕ್ಕದ ಕೋಣೆಯಲ್ಲಿ ಯಾರೋ ನಕ್ಕರು, ಬಾಗಿಲು ಹಾಕಿಕೊಂಡಿತು. ಅವಳೂ ಪಕ್ಕದಲ್ಲಿ ಕುಳಿತಳು. ಅದೇ ಚಿತ್ರವನ್ನು ಸಾವಿರ ಸಲ ನೋಡಿದ್ದಳು. ಅದರಲ್ಲಿ ಅಣ್ಣ ಇದ್ದಾನೆಂದು ಇವತ್ತಿನ ತನಕ ಅವಳಿಗೆ ಹೊಳೆದಿರಲಿಲ್ಲ.

ಮುಕ್ಕಾಲು ಗಂಟೆಯಾಗಿರಬೇಕು. ಅತ್ತಿಗೆ ಎದ್ದರು.

"ನಿನ್ನ ಮೇಲಿನ ಸಿಟ್ಟು ಹೋಗಿಲ್ಲ ಪುಟ್ಟಿ. ಹೋಗುತ್ತೋ ಇಲ್ವೋ ಗೊತ್ತಿಲ್ಲ. ಸುಳ್ಳು ಹೇಳಲ್ಲ."

"ಗೊತ್ತು ಅತ್ತಿಗೆ."

"ನೀನೂ ಸುಳ್ಳು ಹೇಳ್ಲಿಲ್ಲ. ಹೇಳಿ ಬಚಾವಾಗಬಹುದಿತ್ತು." ಚೀಲವನ್ನು ಹೆಗಲಿಗೆ ಹಾಕಿಕೊಂಡರು. "ಬಸ್ ಸ್ಟಾಪ್ ತನಕ ಬಾ. ಇಲ್ಲಿ ದಾರಿ ನಂಗೆ ಗೊತ್ತಾಗಲ್ಲ."

ಇಬ್ಬರೂ ನಡೆದರು. ಸಂಸ್ಥೆಯ ಗೇಟು, ಜೆರಾಕ್ಸ್ ಅಂಗಡಿ, ಸೈಕಲ್ ರಿಪೇರಿಯವನ ಮೂಲೆ. ಬಸ್ ಸ್ಟಾಪಿನ ನೆರಳಿಗೆ ಬಂದು ನಿಂತರು.

"ಮನೆ ಮೇಲೆ ನಾಲ್ಕು ಹೆಂಚು ಹಾಕಿಸ್ಬೇಕು" ಎಂದರು ಅತ್ತಿಗೆ ಇದ್ದಕ್ಕಿದ್ದಂತೆ. "ಒಳಗೆ ಸೋರ್ತಿದೆ. ಯಾರನ್ನ ಕರೀಲಿ ಅಂತ ಗೊತ್ತಾಗ್ತಿಲ್ಲ. ಸೂರಿಗೆ ಅಂತ ಹೊರಗಿನವರನ್ನ ಯಾವತ್ತೂ ಕರೆದೇ ಇಲ್ವಲ್ಲ ನಾನು."

"ನಾನು ಬಂದು ಹಾಕ್ಲಾ? ನಂಗೆ ಬರುತ್ತೆ."

ಅತ್ತಿಗೆ ಮೊದಲ ಸಲ ಅವಳ ಮುಖ ನೋಡಿದರು.

"ಬೇಡ" ಎಂದರು. "ನೀನು ಏಣಿ ಹತ್ತೋದನ್ನ ನನ್ನ ಕೈಲಿ ನೋಡಕ್ಕಾಗಲ್ಲ."

ಬಸ್ಸು ಬಂತು, ತುಂಬಿತ್ತು. ಅತ್ತಿಗೆ ಹತ್ತಿದರು. ಸೀಟು ಸಿಗದೆ, ಕಂಬಿ ಹಿಡಿದು, ಜನರ ನಡುವೆ ನಿಂತುಕೊಂಡೇ ಹೋದರು.